ಗಂಜಿ ಹಾಕಿದ ವಿರಹ

ಇಸ್ತ್ರಿ ಅಂಗಡಿಯ ರೇಡಿಯೋ ಆ ದಿನ ಬೆಳಿಗ್ಗೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅಂಗಡಿಯವನು ಅದರ ಬೆನ್ನು ತಟ್ಟಿದ, ಕಿವಿ ಹಿಂಡಿದ, ತಲೆಕೆಳಗು ಮಾಡಿ ಅಲ್ಲಾಡಿಸಿದ. ಒಳಗಿಂದ ಒಂದು ಸತ್ತ ಜಿರಳೆ ಬಿತ್ತೇ ಹೊರತು ಹಾಡು ಬರಲಿಲ್ಲ. ಬೇರೆ ಯಾರಿಗಾದರೂ ಇದೇನೂ ದೊಡ್ಡ ಸಂಗತಿಯಲ್ಲ. ಇವನಿಗೆ ಮಾತ್ರ ಎದೆ ಧಸಕ್ಕೆಂದಿತು. ಮೂಲೆಯ ಹೋಟೆಲಿನ ಮೇಜುಬಟ್ಟೆಗಳು ಗಂಜಿ ಕುಡಿದು, ಅರೆ ಒದ್ದೆಯಾಗಿ, ಎದುರಿಗೆ ಗುಡ್ಡದ ಹಾಗೆ ಕೂತಿದ್ದವು. ಸಂಜೆಯೊಳಗೆ ಅಷ್ಟನ್ನೂ ಗರಿಗರಿಯಾಗಿ ಮಾಡಿ ಕೊಡಬೇಕು. ಹಾಡಿಲ್ಲದೆ ಅವನಿಗೆ ಇಸ್ತ್ರಿ ಮಾಡಲು ಬರುತ್ತಿರಲಿಲ್ಲ.

ನಗಬೇಡಿ. ಗಡಿಯಾರ ನೋಡಿ ಇಸ್ತ್ರಿ ಮಾಡುವವರಿದ್ದಾರೆ, ನೀರು ಚಿಮುಕಿಸಿ ಶಾಖ ನೋಡುವವರಿದ್ದಾರೆ. ಇವನು ಅಳೆಯುತ್ತಿದ್ದದ್ದು ಹಾಡಿನಲ್ಲಿ. ಅದೂ ಎಂಥ ಹಾಡು? ಪ್ರೀತಿಸಿದವಳು ಕೈಬಿಟ್ಟು ಹೋದ ಹಾಡು. ಪಲ್ಲವಿ ಒಂದು ಸಲ ಮುಗಿಯುವಷ್ಟರಲ್ಲಿ ಕಾಲರ್ ಆಗಬೇಕು. ಚರಣಕ್ಕೆ ಬೆನ್ನು. ನಡುವೆ ಪಿಟೀಲು ಅಳುವಾಗ ತೋಳು ತಿರುಗಿಸಿಕೊಳ್ಳುವುದು. ಕೊನೆಯಲ್ಲಿ ಗಾಯಕನ ಗಂಟಲು ಕಟ್ಟಿದಾಗ ಇಸ್ತ್ರಿ ಪೆಟ್ಟಿಗೆ ಎತ್ತುವುದು. ಒಮ್ಮೆ ಬದಲಾವಣೆ ಇರಲಿ ಎಂದು ಕೈಕೈ ಹಿಡಿದು ಕುಣಿಯುವ ಪ್ರೇಮಿಗಳ ಹಾಡಿನ ಸ್ಟೇಷನ್ ಹಾಕಿ ನೋಡಿದ್ದ. ಆ ದಿನ ಇಸ್ತ್ರಿಯಾದ ಅಂಗಿಗಳನ್ನು ಯಾರೋ ತೊಟ್ಟುಕೊಂಡೇ ಮಲಗಿ ಎದ್ದ ಹಾಗಿತ್ತು. ಸುಖದ ಹಾಡಿಗೆ ಆತುರ ಜಾಸ್ತಿ. ಬಟ್ಟೆಯ ಸುಕ್ಕು ಹೋಗಬೇಕಾದರೆ ವಿರಹವೇ ಆಗಬೇಕು.

ಹಾಗಂತ ಅದು ಬರೀ ಕಸುಬಿನ ವಿಷಯವಲ್ಲ. ಒದ್ದೆ ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟೊಡನೆ ಏಳುವ ಆವಿಯಲ್ಲಿ ಅವನ ಅಂಗಡಿ ಮೆಲ್ಲಗೆ ಕರಗಿಹೋಗುತ್ತಿತ್ತು. ಉದ್ದನೆಯ ಒಂದು ದಾರಿ, ದಾರಿಯ ತುಂಬ ಉದುರಿದ ಎಲೆ, ದೂರದಲ್ಲಿ ಕೊಡೆ ಹಿಡಿದು ಹೋಗುತ್ತಿರುವ ಒಬ್ಬಳು. ದಾರಿಯ ಈ ತುದಿಯಲ್ಲಿ ಇವನು, ಕೂಗಬೇಕೆಂದರೂ ದನಿ ಬಾರದೆ. ಯಾರು ಅವಳು, ಯಾಕೆ ಹೋದಳು, ಒಂದೂ ತಿಳಿಯದು. ತಿಳಿಯಬೇಕೆಂಬ ಆಸೆಯೂ ಇರಲಿಲ್ಲ. ಹೋಗುತ್ತಿದ್ದರೆ ಸಾಕಿತ್ತು. ಆಗ ಒಂದು ನಿಟ್ಟುಸಿರು ಕೇಳಿಸುತ್ತಿತ್ತು. ಅದು ಪೆಟ್ಟಿಗೆಯದೋ ಅವನದೋ ಬೀದಿಯವರಿಗೆ ಗೊತ್ತಾಗುತ್ತಿರಲಿಲ್ಲ. ಅವರು ಅವನನ್ನು ನಿಟ್ಟುಸಿರಣ್ಣ ಎಂದೇ ಕರೆಯುತ್ತಿದ್ದರು.

ನಿಜ ಹೇಳಬೇಕೆಂದರೆ ನಿಟ್ಟುಸಿರಣ್ಣನನ್ನು ಜನ್ಮದಲ್ಲಿ ಯಾರೂ ಬಿಟ್ಟು ಹೋಗಿರಲಿಲ್ಲ. ಬಿಟ್ಟು ಹೋಗಬೇಕಾದರೆ ಮೊದಲು ಯಾರಾದರೂ ಬಂದಿರಬೇಕಲ್ಲ? ಬಂದವಳು ಒಬ್ಬಳೇ, ಅವಳು ಇವನ ಹೆಂಡತಿ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ, ತಮ್ಮನ ಕೋಟು ಇಸ್ತ್ರಿಗೆ ಕೊಟ್ಟವಳು ಅಲ್ಲೇ ನಿಂತು, "ನನ್ನನ್ನ ಮದ್ವೆ ಆಗ್ತೀರಾ?" ಎಂದು ಕೇಳಿದಳು. ಇವನು ಪೆಟ್ಟಿಗೆ ಪಕ್ಕಕ್ಕಿಟ್ಟು, "ಆಗ್ಲಿ," ಅಂದ. ಅಲ್ಲಿಗೆ ಪ್ರೇಮಕತೆ ಮುಗಿಯಿತು. ಹಾಡು ಕಟ್ಟುವಂಥದ್ದು ಏನೂ ಇರಲಿಲ್ಲ. ಆದರೆ ಅವಳೆಂದರೆ ಇವನಿಗೆ ಪ್ರಾಣ. ಇವತ್ತಿಗೂ ಸಂಜೆ ಅವಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಇವನ ಕೈ ಒಂದು ಕ್ಷಣ ನಿಂತುಬಿಡುತ್ತಿತ್ತು. ಅವಳ ಮುಖ ಸ್ವಲ್ಪ ಬಾಡಿದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ, ಅಷ್ಟೆ.

ರೇಡಿಯೋ ಕೈಕೊಟ್ಟ ಮೇಲೆ ತಾನೇ ಹಾಡಿಕೊಳ್ಳುವುದೆಂದು ತೀರ್ಮಾನಿಸಿದ. ರಾಗವೇನೋ ಇತ್ತು, ಪದಗಳು ನೆನಪಿರಲಿಲ್ಲ. ಇಷ್ಟು ವರ್ಷ ಪದಗಳನ್ನು ಗಾಯಕರಿಗೆ ಬಿಟ್ಟು ತಾನು ಗುನುಗುವುದನ್ನು ಮಾತ್ರ ಇಟ್ಟುಕೊಂಡಿದ್ದ. ಸರಿ, ಕಣ್ಣಿಗೆ ಬಿದ್ದದ್ದನ್ನೇ ಸೇರಿಸಿ ಹಾಡತೊಡಗಿದ. ಅಂಗಡಿಯ ಎದುರು ಮನೆಯ ಮಹಡಿಯಲ್ಲಿ ಹಸಿರು ಪರದೆ ಎಳೆದ ಒಂದು ಕಿಟಕಿ ಇತ್ತು. ಕಿಟಕಿಯಲ್ಲಿ ಒಣಗಿದ ಹೂಕುಂಡ.

"ಹಸಿರು ಪರದೆ ಎಳೆದು ಹೋದೆ,
ಕುಂಡದ ಹೂವ ಮರೆತು ಹೋದೆ,
ಬೀದಿ ತಿರುವಲಿ ಕರಗಿ ಹೋದೆ,
ನನ್ನ ಏನು ಮಾಡಿ ಹೋದೆ..."

ಮೇಜುಬಟ್ಟೆ ಕನ್ನಡಿಯಂತೆ ಬಂತು. ನಿಟ್ಟುಸಿರಣ್ಣನಿಗೆ ತನ್ನ ಹಾಡಿನ ಮೇಲೆ ತನಗೇ ಪ್ರೀತಿ ಉಕ್ಕಿತು. ದನಿ ಎತ್ತರಿಸಿದ.

ಪಕ್ಕದ ಔಷಧಿ ಅಂಗಡಿಯವರು ತಮ್ಮ ಬಿಳಿ ಕೋಟು ಹಿಡಿದುಕೊಂಡು ಬಂದದ್ದು ಆಗಲೇ. ಬೀದಿಯಲ್ಲಿ ಯಾರಿಗೆ ಎಲ್ಲಿ ನೋವು ಎಂದು ಅವರಿಗೆ ಗೊತ್ತಿರುತ್ತಿತ್ತು. ಗೊತ್ತಿಲ್ಲದ ನೋವೊಂದು ಪಕ್ಕದಲ್ಲೇ ಇತ್ತೆಂದು ತಿಳಿದು ಅವರಿಗೆ ಸ್ವಲ್ಪ ಅವಮಾನವೇ ಆಯಿತು.

"ಏನಣ್ಣಾ, ರೇಡಿಯೋ ಬದ್ಲು ನೀನೇ ಹಾಡ್ತಿದೀಯ?"

ನಿಟ್ಟುಸಿರಣ್ಣ ಚರಣದ ನಡುವೆ ಇದ್ದ. ಬಾಯಿ ಮಾತಿಗೆ ಹೋದರೆ ಅಳತೆ ತಪ್ಪಿ ಬಟ್ಟೆ ಸುಡುತ್ತದೆ. ತಲೆಯಾಡಿಸಿದ.

"ಹಾಡು ಹೊಸದು. ನೀನೇ ಕಟ್ಟಿದ್ದಾ?"

ಮತ್ತೆ ತಲೆಯಾಡಿಸಿದ.

"ಹಸಿರು ಪರದೆ ಅಂದ್ರೆ..." ಔಷಧಿ ಅಂಗಡಿಯವರು ನಿಧಾನಕ್ಕೆ ತಿರುಗಿ ಎದುರು ಮಹಡಿ ನೋಡಿದರು. ಅವರ ಬಾಯಿ ತೆರೆದೇ ಉಳಿಯಿತು. "ನರ್ಸಮ್ಮ! ಹೋದ ತಿಂಗ್ಳು ವರ್ಗ ಆಗಿ ಮನೆ ಖಾಲಿ ಮಾಡ್ಕೊಂಡು ಹೋದ್ರಲ್ಲ, ಆ ನರ್ಸಮ್ಮ!"

ಅದೇ ಹೊತ್ತಿಗೆ ಆವಿ ಭಗ್ಗೆಂದು ಎದ್ದು ನಿಟ್ಟುಸಿರಣ್ಣನ ಕಣ್ಣಿಗೆ ಹೊಡೆಯಿತು. ಕಣ್ಣಲ್ಲಿ ನೀರು ತುಂಬಿತು. ಹಾಡು ಬಿಡದೆ, ತಲೆ ಕೊಡವಿ ನೀರು ಜಾಡಿಸಿದ. ನೋಡುವವರಿಗೆ ಅದು ಬೇರೆಯೇ ಆಗಿ ಕಂಡಿತು.

"ಹೇಳ್ಬೇಡ. ಹೇಳ್ಬೇಡ ಬಿಡು," ಎಂದು ಅವರು ಇವನ ಭುಜ ತಟ್ಟಿದರು. "ನಾನೂ ಮನುಷ್ಯನೇ."

ಹಾಡು ಮುಗಿದು, ಪೆಟ್ಟಿಗೆ ಎತ್ತಿ, ಇವನು "ಯಾವ ನರ್ಸಮ್ಮ?" ಎಂದು ಕೇಳುವಷ್ಟರಲ್ಲಿ ಅವರು ಬೀದಿ ದಾಟಿ ಆಗಿತ್ತು. ಬಿಳಿ ಕೋಟು ಮಾತ್ರ ಅಲ್ಲೇ ಬಿದ್ದಿತ್ತು.

ಸುದ್ದಿ ಬಿಸಿಲಿನ ಜೊತೆಗೇ ಬೀದಿಯ ಉದ್ದಕ್ಕೂ ಹರಡಿತು. ಒಬ್ಬರು ಉಪ್ಪು ಹಚ್ಚಿದರೆ ಇನ್ನೊಬ್ಬರು ಖಾರ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ನಿಟ್ಟುಸಿರಣ್ಣನೂ ನರ್ಸಮ್ಮನೂ ಬಾಲ್ಯದಿಂದ ಒಟ್ಟಿಗೆ ಬೆಳೆದವರಾಗಿದ್ದರು. ಇಸ್ತ್ರಿಯಾಗಿಯೇ ಇದ್ದ ಬಟ್ಟೆಗಳನ್ನು ಹಿಂಡಿ ಮುದ್ದೆ ಮಾಡಿಕೊಂಡು ಜನ ಅಂಗಡಿಗೆ ಬಂದರು. ಬಟ್ಟೆ ಕೊಟ್ಟು ಹೋಗದೆ ಅವನ ಮುಖವನ್ನೇ ನೋಡುತ್ತ ನಿಂತರು. ಯಾರೋ ಒಂದು ಕುರ್ಚಿ ತಂದು ಹಾಕಿದರು. ಔಷಧಿ ಅಂಗಡಿಯವರು ಒಂದು ಸೀಸೆ ಟಾನಿಕ್ ತಂದಿಟ್ಟು, "ನಿದ್ದೆ ಬರಲ್ಲ ಅಂತ ಗೊತ್ತು. ಊಟಕ್ಕೆ ಮುಂಚೆ ಎರಡು ಚಮಚ," ಅಂದರು. ಅಂಗಡಿಯ ಮೇಲಿನ ಮನೆಯ ಅಜ್ಜಿ ಬಾಲ್ಕನಿಯಿಂದ ಬಗ್ಗಿ, ಸೆರಗಿಲ್ಲದ ಗೌನಿನ ತುದಿಯಲ್ಲೇ ಕಣ್ಣೊರೆಸಿಕೊಂಡು, "ಲೋ ಮಗಾ, ಆ ಕುಂಡದ ಹೂವಿನ ಸಾಲು ಇನ್ನೊಂದ್ಸಲ ಹೇಳೋ. ನಮ್ಮೆಜಮಾನ್ರು ಹೋದಾಗ್ಲೂ ನಂಗಿಷ್ಟು ಅಳು ಬಂದಿರ್ಲಿಲ್ಲ," ಎಂದು ಕೂಗಿದರು.

ನಿಟ್ಟುಸಿರಣ್ಣನಿಗೆ ಪರಿಸ್ಥಿತಿ ಅರ್ಥವಾಗುತ್ತ ಬಂದಂತೆ ಬೆವರು ಕಿತ್ತುಕೊಂಡಿತು. ಆದರೆ ಹಾಡು ನಿಲ್ಲಿಸುವಂತಿರಲಿಲ್ಲ. ಗಂಜಿ ಒಣಗಿದರೆ ಹೋಟೆಲಿನವರ ಬಟ್ಟೆ ರಟ್ಟಾಗುತ್ತದೆ. ಒಂದು ಮೇಜುಬಟ್ಟೆ ಮುಗಿದು ಇನ್ನೊಂದು ಹಾಸುವ ಸಣ್ಣ ಬಿಡುವಿನಲ್ಲಿ ಆದಷ್ಟು ಹೇಳಿದ: "ಅಯ್ಯೋ, ಅಂಥದ್ದೇನೂ ಇಲ್ಲ!"

"ಅಂಥದ್ದೇನೂ ಇಲ್ಲ ಅನ್ನೋರಿಗೇ ಇರೋದು," ಅಂದರು ಔಷಧಿ ಅಂಗಡಿಯವರು. ನೆರೆದವರೆಲ್ಲ ಹೌದು ಹೌದು ಎಂದು ತಲೆದೂಗಿದರು. ಇವನು ಮುಂದಿನ ಮೇಜುಬಟ್ಟೆಗೆ ಪಲ್ಲವಿ ಎತ್ತಿಕೊಂಡ. ಜನ ಉಸಿರು ಬಿಗಿಹಿಡಿದು ಕೇಳಿದರು. ಮಧ್ಯಾಹ್ನದ ಬಿಸಿಲು ಆವಿಯಲ್ಲಿ ಬಂಗಾರದ ಧೂಳಿನ ಹಾಗೆ ತೇಲುತ್ತಿತ್ತು. ಅಷ್ಟು ಕಷ್ಟದಲ್ಲೂ ಅವನ ಕಣ್ಣೆದುರು ಎಲೆ ಉದುರಿದ ಆ ದಾರಿ ತೆರೆದುಕೊಂಡಿತು. ಕೊಡೆಯವಳು ತನ್ನ ಪಾಡಿಗೆ ಹೋಗುತ್ತಲೇ ಇದ್ದಳು. ಈ ಗಲಾಟೆಗೆಲ್ಲ ತಾನೇ ಕಾರಣ ಎಂಬ ಖಬರು ಅವಳಿಗಿರಲಿಲ್ಲ. ನಿಟ್ಟುಸಿರಣ್ಣನಿಗೆ ಮೊದಲ ಸಲ ಅವಳ ಮೇಲೆ ಸಿಟ್ಟು ಬಂತು.

ಆಗ ಜನರನ್ನು ಸರಿಸಿಕೊಂಡು ಹೆಂಡತಿಯ ತಮ್ಮ ಒಳನುಗ್ಗಿದ. ಹಿಂದಿನ ಬೀದಿಯಲ್ಲಿ ಅವನ ಬೇಕರಿ. ಮೊಣಕೈವರೆಗೆ ಹಿಟ್ಟು, ಹುಬ್ಬಿನ ಮೇಲೆ ಹಿಟ್ಟು, ಆ ಹಿಟ್ಟಿನ ನಡುವೆ ಕೆಂಡದಂಥ ಕಣ್ಣು.

"ಭಾವ! ಪೆಟ್ಟಿಗೆ ಕೆಳಗಿಡಿ!"

"ಇಟ್ರೆ ಸುಟ್ಟುಹೋಗುತ್ತೆ ಮಾರಾಯ."

"ನಮ್ಮಕ್ಕನ ಬಾಳೇ ಸುಟ್ಟುಹೋಗ್ತಿದೆ, ನಿಮಗೆ ಬಟ್ಟೆ ಚಿಂತೆ! ಐದಕ್ಕೆ ಅಕ್ಕ ಬರ್ತಾಳೆ. ಈ ಬೀದಿ ಬಾಯಿಂದ ಈ ಮಾತು ಅವಳ ಕಿವಿಗೆ ಬಿದ್ರೆ ಅವಳು ತಡ್ಕೋತಾಳಾ? ನನ್ನ ಮನೇಲಿ ಅವಳ ಕೋಣೆ ಇನ್ನೂ ಹಾಗೇ ಇದೆ, ನೆನಪಿರ್ಲಿ."

ನಿಟ್ಟುಸಿರಣ್ಣ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ. ಹೋಟೆಲಿನ ಬಟ್ಟೆ, ಬೀದಿಯ ಮಾನ, ಎಲ್ಲ ಹಾಳಾಗಲಿ. ಅವಳು ಒಂದು ಸೂಟ್‌ಕೇಸ್ ಹಿಡಿದು ತಿರುವಿನಲ್ಲಿ ಆ ಕಡೆಗೆ ನಡೆದುಹೋಗುವ ಚಿತ್ರ ಕಣ್ಣಿಗೆ ಕಟ್ಟಿತು. ಹಾಡಿನಲ್ಲಿ ಅಷ್ಟು ಸೊಗಸಾಗಿ ಕಾಣುತ್ತಿದ್ದದ್ದು ಹೀಗೆ ಎದುರಿಗೆ ಬಂದಾಗ ಒಂದಿಷ್ಟೂ ಚೆನ್ನಾಗಿರಲಿಲ್ಲ.

"ನರ್ಸಮ್ಮನಿಗೇ ಫೋನ್ ಮಾಡ್ರಪ್ಪ! ಅವರನ್ನೇ ಕೇಳಿ!" ಎಂದು ಗೋಗರೆದ.

ಔಷಧಿ ಅಂಗಡಿಯವರ ಹತ್ತಿರ ನಂಬರಿತ್ತು. ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮಾಡಿ ಮೇಜುಬಟ್ಟೆಗಳ ಮೇಲೆ ಇಟ್ಟರು. ಅಜ್ಜಿಗೂ ಕೇಳಲೆಂದು ಒಬ್ಬರು ಅದನ್ನು ಮತ್ತೆ ಎತ್ತಿ ಹಿಡಿದರು.

"ಇಸ್ತ್ರಿಯವ್ರಾ? ಯಾವ ಇಸ್ತ್ರಿಯವ್ರು?" ಅತ್ತಲಿಂದ ನರ್ಸಮ್ಮನ ದನಿ. "ಓ... ನನ್ನ ಬಿಳಿ ಕೋಟಿನ ಗುಂಡಿ ಕರಗಿಸಿದ್ರಲ್ಲ, ಅವ್ರು ತಾನೇ?"

"ನಿಮ್ಮನ್ನ ನೆನೆಸ್ಕೊಂಡು ಬೆಳಗಿಂದ ಹಾಡ್ತಿದಾರೆ," ಎಂದರು ಔಷಧಿ ಅಂಗಡಿಯವರು, ಗದ್ಗದ ಕಂಠದಲ್ಲಿ.

"ಹಾಡೋದು ಆಮೇಲಾಗ್ಲಿ, ಮೊದ್ಲು ಗುಂಡಿ ಕಳ್ಸಕ್ಕೆ ಹೇಳಿ," ಎಂದು ಆಕೆ ಫೋನಿಟ್ಟರು.

ಬೀದಿಯವರ ಮುಖ ಪೆಚ್ಚಾಯಿತು. ನಾಟಕದ ಮಧ್ಯೆ ದೀಪ ಹೋದ ಹಾಗೆ ಎಲ್ಲರೂ ಗೊಣಗಿದರು. ಭಾಮೈದನ ಕಣ್ಣಿನ ಕೆಂಡ ಸ್ವಲ್ಪ ಬೂದಿಯಾಯಿತು. ನಿಟ್ಟುಸಿರಣ್ಣ ಬದುಕಿದೆ ಎಂದುಕೊಂಡು ಕೊನೆಯ ಮೇಜುಬಟ್ಟೆ ಹಾಸಿದ. ಅಷ್ಟರಲ್ಲಿ ಮೇಲಿನಿಂದ ಅಜ್ಜಿಯ ದನಿ ಬಂತು.

"ಆ ನರ್ಸು ಅಲ್ಲ ಅಂದ್ರೆ ಬೇರೆ ಯಾರೋ ಇರ್ಬೇಕು. ಇಷ್ಟು ವರ್ಷದಿಂದ ಉಸಿರು ಬಿಡ್ತಿದಾನೆ, ಸುಮ್ಸುಮ್ನೆ ಬಿಡ್ತಾನಾ?"

ಔಷಧಿ ಅಂಗಡಿಯವರಿಗೆ ಮತ್ತೆ ಜೀವ ಬಂತು. "ಅಜ್ಜಿ ಹೇಳೋದು ಸರಿ! ಅಂಚೆ ಕಚೇರೀಲಿ ಇದ್ರಲ್ಲ, ಉದ್ದ ಜಡೆಯವ್ರು?"

"ಗ್ರಂಥಾಲಯದ ಮೇಡಮ್ಮು?" ಎಂದಿತು ಇನ್ನೊಂದು ದನಿ.

"ಭಾವ, ಯಾರು ಅಂತ ಈಗ್ಲೇ ಹೇಳಿಬಿಡಿ!" ಎಂದು ಭಾಮೈದ ಮತ್ತೆ ಕೆಂಡವಾದ.

ನಿಟ್ಟುಸಿರಣ್ಣನಿಗೆ ತಲೆ ಚಿಟ್ಟುಹಿಡಿಯಿತು. ಬೆಳಗಿಂದ ಹಾಡಿ ಹಾಡಿ ಗಂಟಲು ಬಿದ್ದಿತ್ತು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಅರಚಿದ: "ಯಾರೂ ಇಲ್ಲ! ಯಾರೂ ಇರ್ಲಿಲ್ಲ! ನಾನು ಯಾರನ್ನೂ ಪ್ರೀತ್ಸಿಲ್ಲ, ಯಾರೂ ನನ್ನ ಬಿಟ್ಟು ಹೋಗಿಲ್ಲ! ಇದು ಗಂಜಿ ಕೂರ್ಲಿ ಅಂತ ಹಾಡೋ ಹಾಡು! ಬರೀ ಗಂಜಿಗೆ!"

ಜನ ಮೆಲ್ಲಗೆ ಎರಡು ಪಾಲಾದರು. ನಡುವೆ ಹೆಂಡತಿ ನಿಂತಿದ್ದಳು, ಕೈಯಲ್ಲಿ ಚೀಲ, ತಲೆಯ ಮೇಲೆ ಏರಿಸಿಕೊಂಡ ಕನ್ನಡಕ. ನಿಟ್ಟುಸಿರಣ್ಣನಿಗೆ ಖುಷಿಯಾಯಿತು. ಬೇರೆಯವರ ಬಾಯಿಂದ ಸುಳ್ಳು ಕೇಳುವ ಮೊದಲೇ ತನ್ನ ಬಾಯಿಂದ ನಿಜ ಕೇಳಿದಳಲ್ಲ!

"ಕೇಳಿಸ್ತಾ?" ಅಂದ, ಬೆವರೊರೆಸಿಕೊಳ್ಳುತ್ತ.

"ಕೇಳಿಸ್ತು," ಅಂದಳು ಅವಳು. "ಒಳಗೆ ಬನ್ನಿ."

ಅಂಗಡಿಯ ಹಿಂದಿನ ಎರಡು ಕೋಣೆಯೇ ಅವರ ಮನೆ. ಅಡುಗೆಮನೆಯ ಮೇಜಿನ ಮೇಲೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಅವಳು ಚೀಲ ಕೆಳಗಿಡದೆ ಕುರ್ಚಿಯ ತುದಿಯಲ್ಲಿ ಕೂತಳು.

"ಯಾರೂ ಇರ್ಲಿಲ್ವಾ?"

"ಯಾರೂ ಇರ್ಲಿಲ್ಲ."

"ಒಬ್ಳೂ?"

"ನಿನ್ನಾಣೆಗೂ ಒಬ್ಳೂ ಇರ್ಲಿಲ್ಲ."

"ಆ ಹಾಡುಗಳು?"

"ಗಂಜಿಗೆ."

"ಆ ನಿಟ್ಟುಸಿರು?"

"ಅದು... ಅಭ್ಯಾಸ."

ಅವಳು ಕಿಟಕಿಯ ಕಡೆ ನೋಡುತ್ತ, ಯಾರಿಗೋ ಹೇಳುವ ಹಾಗೆ ಹೇಳಿದಳು. "ಆಗ ದಿನಾ ಈ ಬೀದೀಲೇ ಕೆಲ್ಸಕ್ಕೆ ಹೋಗ್ತಿದ್ದೆ. ನಿಮ್ಮಂಗ್ಡಿ ಮುಂದೆ ಬಂದ್ರೆ ಆವಿ, ಆವಿ ಒಳಗಿಂದ ಆ ಹಾಡು. ನೀವು ಎಲ್ಲೋ ನೋಡ್ತಾ ಉಸಿರು ಬಿಡ್ತಿದ್ರಿ. ನನ್ನ ಕಾಲು ಮುಂದಕ್ಕೆ ಹೋಗ್ತಿರ್ಲಿಲ್ಲ. ಒಬ್ಳನ್ನ ಕಳ್ಕೊಂಡು ಇಷ್ಟು ಕೊರಗೋ ಗಂಡ್ಸು ಸಿಕ್ಕೋದೇ ಕಷ್ಟ ಅಂದ್ಕೊಂಡೆ. ಮನೇಲಿ ಎಲ್ರೂ ಬೇಡ ಅಂದ್ರು. ಅವ್ನಿಗೊಂದು ಗಾಯ ಇದೆ, ನಾನು ವಾಸಿ ಮಾಡ್ತೀನಿ ಅಂತ ಹಟ ಹಿಡ್ದೆ."

"ಗಾಯ?" ಅಂದ ನಿಟ್ಟುಸಿರಣ್ಣ.

"ಹನ್ನೊಂದು ವರ್ಷ ಒಂದು ದಿನಾನೂ ಅವಳು ಯಾರು ಅಂತ ಕೇಳ್ಲಿಲ್ಲ. ನೋವಾಗುತ್ತೆ ಅಂತ. ನೀವು ಉಸಿರು ಬಿಟ್ಟಾಗೆಲ್ಲ ಇನ್ನೊಂದು ತುತ್ತು ಬಡಿಸ್ದೆ. ಅವಳಿಗಿಂತ ಚೆನ್ನಾಗಿರ್ಬೇಕು ಅಂತ ಇದ್ದೆ. ಈಗ ಗಂಜಿ ಅಂತೀರಲ್ಲ!" ಅವಳ ದನಿ ಒಡೆಯಿತು. "ಇಷ್ಟು ವರ್ಷ ನಾನು ಪೈಪೋಟಿ ನಡೆಸಿದ್ದು ಮೇಜುಬಟ್ಟೆಗಳ ಜೊತೆನಾ?"

ಅವಳು ಎದ್ದಳು. ಚೀಲ ಹೇಗೂ ಕೈಯಲ್ಲೇ ಇತ್ತು. ನಿಟ್ಟುಸಿರಣ್ಣ ಬೆಳಗಿಂದ ಯಾವುದನ್ನು ಇಲ್ಲ ಇಲ್ಲ ಎಂದು ಸಾಧಿಸಿದ್ದನೋ ಅದನ್ನೇ ಈಗ ಬಾಯಿ ತಾನಾಗಿ ಹೇಳಿತು.

"ಇದ್ಳು."

ಅವಳು ನಿಂತಳು.

"ಒಬ್ಳು ಇದ್ಳು. ಬೀದಿಯೋರ ಮುಂದೆ ಹೇಗೆ ಹೇಳ್ಲಿ? ಅದಕ್ಕೇ ಗಂಜಿ ಅಂದೆ."

ಅವಳು ಮೆಲ್ಲಗೆ ಬಂದು ಕೂತಳು. ಚೀಲ ಕೆಳಗಿಟ್ಟಳು. ಕಣ್ಣೊರೆಸಿಕೊಂಡು, ಅವನ ಕೈಮೇಲೆ ಕೈಯಿಟ್ಟು, "ನಂಗೊತ್ತಿತ್ತು," ಅಂದಳು. ಮುಖದಲ್ಲಿ ಎಂಥದೋ ನೆಮ್ಮದಿ. "ಹೇಳಿ. ಹೇಗಿದ್ಳು?"

ಇದು ನಿಟ್ಟುಸಿರಣ್ಣ ಎಣಿಸದೇ ಇದ್ದ ಪ್ರಶ್ನೆ. ಕೊಡೆಯವಳನ್ನು ನೆನೆದ, ಅವಳದು ಬರೀ ಬೆನ್ನು. ಹೆಂಡತಿ ಮುಖ ಕೇಳುತ್ತಿದ್ದಾಳೆ. ಎದುರಿಗಿದ್ದದ್ದು ಒಂದೇ ಮುಖ, ಅವನು ಈ ಜನ್ಮದಲ್ಲಿ ಸರಿಯಾಗಿ ನೋಡಿದ್ದೂ ಅದೊಂದನ್ನೇ. ಅದನ್ನೇ ನೋಡುತ್ತ ಶುರುಮಾಡಿದ.

"ಎತ್ತರ ಇಲ್ಲ. ನಡೆಯೋದು ಮಾತ್ರ ದುಡುದುಡು ಅಂತ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯೋಳು. ಹಲ್ಲು ಚೆನ್ನಾಗಿದ್ರೂ."

"ಆಮೇಲೆ?"

"ಎಡಗಿವಿ ಕೆಳಗೆ ಒಂದು ಸಣ್ಣ ಮಚ್ಚೆ. ಕನ್ನಡಕ ತಲೆ ಮೇಲೆ ಏರಿಸ್ಕೊಂಡು ಮನೆಯೆಲ್ಲ ಹುಡುಕೋಳು. ಕೋಪ ಬಂದ್ರೆ ಬೈಯಲ್ಲ, ಪಾತ್ರೆಗಳ ಸದ್ದು ಮಾಡ್ತಾಳೆ."

ಹೇಳುತ್ತ ಹೇಳುತ್ತ ಅವನು ತನ್ನನ್ನು ಮರೆತ. ರಾಗವಿಲ್ಲ, ಆವಿಯಿಲ್ಲ, ಆದರೂ ಅಡುಗೆಮನೆ ಮೆಲ್ಲಗೆ ಕರಗಿ ಬಿಸಿಲೊಂದೇ ಉಳಿಯಿತು. "ಸಂಜೆ ಅವಳು ತಿರುವಿನಲ್ಲಿ ಕಾಣಿಸ್ಕೊಂಡ್ರೆ ನನ್ನ ಕೈ ನಿಂತೇಹೋಗ್ತಿತ್ತು. ಎಷ್ಟು ಬಟ್ಟೆ ಸುಟ್ಟಿದೀನೋ! ಅವಳ ಮುಖ ಬಾಡಿದ್ರೆ ನಂಗೆ ಊಟ ಸೇರ್ತಿರ್ಲಿಲ್ಲ. ಅವಳಿಲ್ದೆ ಹೋದ್ರೆ ನಾನು ಇಲ್ಲ ಅನ್ನೋಷ್ಟು ಪ್ರೀತಿ. ಬಾಯಿಬಿಟ್ಟು ಹೇಳೋಕೆ ಮಾತ್ರ ಬರ್ಲಿಲ್ಲ." ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಹನ್ನೊಂದು ವರ್ಷದಲ್ಲಿ ಅವನು ಹೆಂಡತಿಗೆ ಇಷ್ಟು ಮಾತು ಆಡಿದ್ದು ಇದೇ ಮೊದಲು.

ಅವಳ ಕೈ ನಿಧಾನವಾಗಿ ಮೇಲೆ ಹೋಯಿತು. ಎಡಗಿವಿಯ ಕೆಳಗಿನ ಮಚ್ಚೆ ಮುಟ್ಟಿಕೊಂಡಳು. ಆಮೇಲೆ ತಲೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅದನ್ನೇ ನೋಡಿದಳು.

ಅರ್ಥವಾಯಿತು ಎಂದು ನಿಟ್ಟುಸಿರಣ್ಣನ ಎದೆ ಹಗುರಾಯಿತು. ನಾಚಿಕೆಯಿಂದ ನಕ್ಕ.

"ಓಹೋ," ಅಂದಳು ಅವಳು. ದನಿ ತಣ್ಣಗಿತ್ತು. "ಅದೇ ಮಚ್ಚೆ. ಅದೇ ನಗು. ಅದಕ್ಕೇ ನಾನು ಕೇಳಿದ ತಕ್ಷಣ ಹಿಂದೆಮುಂದೆ ನೋಡ್ದೆ ಆಗ್ಲಿ ಅಂದ್ರಿ. ಅವಳ ಥರ ಇದೀನಿ ಅಂತ! ಅವಳು ಹೋದ ಜಾಗಕ್ಕೆ ನನ್ನ ತಂದು ಕೂರಿಸ್ಕೊಂಡ್ರಿ!"

"ಅಯ್ಯೋ, ಇಲ್ಲ ಕಣೇ..."

ಅವಳು ಕನ್ನಡಕ ಹಾಕಿಕೊಂಡು ಚೀಲ ಎತ್ತಿಕೊಂಡಳು. ಹೊರಗೆ ಕಿವಿಗೊಟ್ಟು ನಿಂತಿದ್ದ ತಮ್ಮ ಆಗಲೇ ಬಾಗಿಲು ತೆರೆದು ಹಿಡಿದಿದ್ದ. ಅವನ ಹಿಂದೆ ಔಷಧಿ ಅಂಗಡಿಯವರು, ಅವರ ಹಿಂದೆ ಬೀದಿ.

ನಿಟ್ಟುಸಿರಣ್ಣ ಕುರ್ಚಿ ಬೀಳಿಸಿಕೊಂಡು ಹಿಂದೆಯೇ ಓಡಿದ. "ನಿಲ್ಲೇ! ಅವಳು ಬೇರೆ ಯಾರೂ ಅಲ್ಲ, ನೀನೇ ಕಣೇ! ನಿನ್ನನ್ನೇ ನೋಡ್ಕೊಂಡು ಹೇಳ್ದೆ! ನನ್ನ ಜೀವಮಾನದಲ್ಲಿ ನೀನೊಬ್ಳೇ!"

ಅವಳು ಹೊಸ್ತಿಲ ಮೇಲೆ ನಿಂತು ಒಮ್ಮೆ ತಿರುಗಿ ನೋಡಿದಳು.

"ಇದೇ ಮಾತನ್ನ ಅವಳಿಗೂ ಹೇಳಿರ್ತೀರಿ," ಅಂದು ಬಾಗಿಲು ಎಳೆದುಕೊಂಡು ಹೋದಳು.